ಶಾಸಕರ ಮನೆ ಮುಂದಿನ ಅರ್ಜಿಗಳಿಗೆ ಒಂದು ಲೆಕ್ಕದ ಪುಸ್ತಕ ಬೇಕು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ಊರುಗಳ ಪೈಕಿ ಒಂದರಲ್ಲಿ, ಸರ್ಕಾರಿ ಕಚೇರಿಯೊಂದರ ಎದುರಿನ ಬೇವಿನ ಗಿಡದ ಕೆಳಗೆ ಕೂತು ಇಪ್ಪತ್ತಾರು ವರ್ಷಗಳಿಂದ ಅರ್ಜಿ ಬರೆಯುತ್ತಿದ್ದೇನೆ. ಮೊದಲು ಕೈಬರಹ, ಆಮೇಲೆ ಟೈಪ್‌ರೈಟರ್, ಈಗ ಕಂಪ್ಯೂಟರ್. ಜನರ ಕಷ್ಟ ಹೆಚ್ಚೇನೂ ಬದಲಾಗಿಲ್ಲ. ಬದಲಾಗಿರುವುದು ಅರ್ಜಿಯ ತಲೆಬರಹ. ಹಿಂದೆ 'ಮಾನ್ಯ ತಹಶೀಲ್ದಾರರಿಗೆ' ಎಂದು ಬರೆಸುತ್ತಿದ್ದವರು ಈಗ 'ಮಾನ್ಯ ಶಾಸಕರಿಗೆ' ಎಂದು ಬರೆಸುತ್ತಾರೆ.

ಹೋದ ಬೇಸಿಗೆಯಲ್ಲಿ ಹೊಳೆದಂಡೆಯ ಹಳ್ಳಿಯಿಂದ ಒಬ್ಬ ಆಯಿ ಬಂದಿದ್ದಳು. "ಪಗಾರ ನಿಂತು ಏಳ್ ತಿಂಗಳಾತ್ರಿ. ಎಮ್ಮೆಲ್ಲೆ ಸಾಹೇಬ್ರಿಗಿ ಒಂದ್ ಅರ್ಜಿ ಬರ್ಕೊಡ್ರಿ" ಎಂದಳು. ಪಗಾರ ಎಂದರೆ ವಿಧವಾ ವೇತನ. ಆಧಾರ್ ಕಾರ್ಡಿನಲ್ಲಿ ಅವಳ ಹೆಸರು ಒಂದು ರೀತಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು ರೀತಿ ಇತ್ತು. ಮೊದಲ ಸಲ ಹೋದಾಗ ಶಾಸಕರು ಬೆಂಗಳೂರಿನಲ್ಲಿದ್ದರು. ಮರುವಾರ ಹೋದಾಗ ಯಾವುದೋ ಮದುವೆಗೆ ಹೋಗಿದ್ದರು. ಮೂರನೇ ವಾರ ಸಿಕ್ಕರು, ಅರ್ಜಿ ಓದಿ ನಿಂತಲ್ಲೇ ಫೋನ್ ಮಾಡಿದರು. ತಿಂಗಳೊಳಗೆ ಪಗಾರ ಬಂತು. ಶಕ್ತಿ ಯೋಜನೆ ಇದ್ದುದರಿಂದ ಬಸ್ಸಿನ ದುಡ್ಡು ಉಳಿದಿತ್ತು, ಮೂರು ದಿನದ ಕೂಲಿ ಮಾತ್ರ ಹೋಗಿತ್ತು.

ಆ ಫೋನಿಗೆ ನಾನು ಕೈಮುಗಿಯುತ್ತೇನೆ. ಏಳು ತಿಂಗಳ ಗಂಟು ಎರಡು ನಿಮಿಷದಲ್ಲಿ ಬಿಚ್ಚಿತು. ಆದರೆ ಅದೇ ಹಳ್ಳಿಯಲ್ಲಿ ಹೆಸರಿನ ತಪ್ಪಿನಿಂದಲೇ ಪಗಾರ ನಿಂತವರು ಇನ್ನೆಷ್ಟು ಮಂದಿ ಇದ್ದಾರೆ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಅರ್ಜಿ ಒಬ್ಬಳದಾಗಿತ್ತು, ಪರಿಹಾರವೂ ಒಬ್ಬಳಿಗೇ ಸಿಕ್ಕಿತು.

ಶಾಸಕರ ವಾರ ಹಗುರವಾದುದಲ್ಲ. ವಿಧಾನಸೌಧ ಇಲ್ಲಿಂದ 500 ಕಿ.ಮೀ.ಗೂ ಹೆಚ್ಚು ದೂರ. ಊರಿಗೆ ಬಂದ ಎರಡು ಮೂರು ದಿನಗಳನ್ನು ಮದುವೆ, ಮಣ್ಣು, ಜಾತ್ರೆ, ಭೂಮಿಪೂಜೆಗಳೇ ನುಂಗುತ್ತವೆ. ತಾಲ್ಲೂಕಿನ ಅಭಿವೃದ್ಧಿ ಕೆಲಸ ಪರಿಶೀಲಿಸುವ ತ್ರೈಮಾಸಿಕ ಕೆಡಿಪಿ ಸಭೆ, ಬಗರ್‌ಹುಕುಂ ಸಮಿತಿ, ಆಶ್ರಯ ಸಮಿತಿಗಳಿಗೆ ಅವರೇ ಅಧ್ಯಕ್ಷರು. ಇಷ್ಟರ ನಡುವೆ ಬೆಳಗ್ಗೆ ಆರಕ್ಕೇ ಮನೆ ಮುಂದೆ ಜನ ಕೂತಿರುತ್ತಾರೆ. ಕೆಲವರು ಬಾಗಿಲು ತಪ್ಪಿ, ತಮ್ಮದಲ್ಲದ ಕ್ಷೇತ್ರದ ಶಾಸಕರ ಮನೆಗೂ ಬರುತ್ತಾರೆ. ಚಡಚಣ ಮೊದಲು ಇಂಡಿ ತಾಲ್ಲೂಕಿನಲ್ಲಿತ್ತು. 2008ರ ಚುನಾವಣೆಗೆ ಮುನ್ನ ಕ್ಷೇತ್ರ ಮರುವಿಂಗಡಣೆಯಾಗಿ ಅದು ನಾಗಠಾಣ ಕ್ಷೇತ್ರಕ್ಕೆ ಸೇರಿತು. ಹಳ್ಳಿಯ ಮುದುಕನಿಗೆ ಈ ಗೆರೆ ಗೊತ್ತಿರುವುದಿಲ್ಲ.

ಪಗಾರ, ಪಹಣಿ ತಿದ್ದುಪಡಿ, ಪೋಡಿ ಇವೆಲ್ಲ ಶಾಸಕರ ಕೆಲಸವೇ ಎಂದು ಪಟ್ಟಣದ ಓದಿದವರು ಕೇಳುತ್ತಾರೆ. ಶಾಸನ ಮಾಡುವವರು ಶಾಸಕರು, ಕಡತ ಓಡಿಸಲು ಅಧಿಕಾರಿಗಳಿದ್ದಾರೆ ಎನ್ನುತ್ತಾರೆ. ಆ ಮಾತಿನಲ್ಲಿ ಸತ್ಯವಿದೆ. 2011ರ ಸಕಾಲ ಕಾಯ್ದೆಯಂತೆ ಸೇವೆಗೆ ಗಡುವಿದೆ, ಅರ್ಜಿಗೆ ಸಂಖ್ಯೆಯಿದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಇದೆ. ಆದರೂ ಜನ ಶಾಸಕರ ಮನೆಗೇ ಹೋಗುತ್ತಾರೆ, ಯಾಕೆಂದರೆ ಅಲ್ಲಿ ಅವರ ಮಾತನ್ನು ಒಂದು ಜೀವ ಕಿವಿಗೊಟ್ಟು ಕೇಳುತ್ತದೆ. ಆ ಬಾಗಿಲು ಮುಚ್ಚಬಾರದು. ಬ್ರಿಟನ್ನಿನಲ್ಲಿಯೂ ಸಂಸದರು ಸಾಮಾನ್ಯವಾಗಿ ಶುಕ್ರವಾರ ಕ್ಷೇತ್ರಕ್ಕೆ ಮರಳಿ, ಗೊತ್ತುಪಡಿಸಿದ ಜಾಗದಲ್ಲಿ ಕೂತು ಜನರ ತಕರಾರು ಕೇಳುತ್ತಾರೆ. 2021ರ ಅಕ್ಟೋಬರ್‌ನಲ್ಲಿ ಡೇವಿಡ್ ಅಮೆಸ್ ಎಂಬ ಸಂಸದರು ಅಂಥ ಭೇಟಿಯ ಹೊತ್ತಿನಲ್ಲೇ ಕೊಲೆಯಾದರು. ಆಮೇಲೂ ಅಲ್ಲಿ ಆ ಪದ್ಧತಿ ನಿಲ್ಲಲಿಲ್ಲ.

ನನ್ನ ತಕರಾರು ಬಾಗಿಲಿನ ಬಗ್ಗೆ ಅಲ್ಲ, ಬಾಗಿಲೊಳಗೆ ಹೋದ ಅರ್ಜಿಯ ಗತಿಯ ಬಗ್ಗೆ. ಆಪ್ತ ಸಹಾಯಕರ ಕೈಗೋ ಜೀಪಿನ ಸೀಟಿಗೋ ಸೇರಿದ ಮೇಲೆ ಆ ಕಾಗದಕ್ಕೆ ನಂಬರ್ ಇರುವುದಿಲ್ಲ. ಕೆಲಸ ಆದರೆ ಅದು ಉಪಕಾರ, ಆಗದಿದ್ದರೆ ಹಣೆಬರಹ. ಹಕ್ಕಿನ ಕಾಗದ ಹೀಗೆ ಹಂಗಿನ ಕಾಗದವಾಗುತ್ತದೆ. ಓಟಿನ ಹೊತ್ತಿಗೆ ಆ ಹಂಗನ್ನು ನೆನಪಿಸುವವರೂ ಇರುತ್ತಾರೆ.

ಇಂಥ ಕಾಗದಗಳನ್ನು ಎಣಿಸಿಡಬೇಕು. ಎಣಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿಯಿದೆ. ನಮ್ಮ ಭಾಗ ಹಿಂದುಳಿದಿದೆ ಎಂಬ ಗೋಳು ಹಳೆಯದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚ್ಯಂಕಗಳನ್ನು ಹಿಡಿದು ಅಂದಿನ 175 ತಾಲ್ಲೂಕುಗಳನ್ನು ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆ ಎಂದು 2002ರಲ್ಲಿ ವರದಿ ಕೊಟ್ಟಿತು. ಮೊದಲು ಹೇಳಿದ ನಮ್ಮ ನಾಲ್ಕೂ ತಾಲ್ಲೂಕುಗಳು ಆ ಪಟ್ಟಿಯಲ್ಲಿದ್ದವು. ಅಂಕಿ ಬಂದ ಮೇಲೆ ಗೋಳು ವಾದವಾಯಿತು, ವಾದದಿಂದ ವಿಶೇಷ ಅಭಿವೃದ್ಧಿ ಯೋಜನೆ ಹುಟ್ಟಿತು.

ಕಾಲುವೆಯ ಅರ್ಜಿಗಳನ್ನೇ ನೋಡಿ. ಇಂಡಿ ಶಾಖಾ ಕಾಲುವೆಯ ಕೊನೆಯಂಚಿನ ರೈತ ನೀರು ಮುಟ್ಟಿಲ್ಲ ಎಂದು ಬರೆಸುತ್ತಾನೆ. ಎಂಜಿನಿಯರಿಗೆ ಒಂದು ಫೋನ್ ಹೋದರೆ ಎರಡು ದಿನ ನೀರು ಬರುತ್ತದೆ, ಮೂರನೇ ದಿನ ಮತ್ತೆ ಒಣಕಾಲುವೆ. ಅಂಥ ಅರ್ಜಿಗಳನ್ನೆಲ್ಲ ಹಳ್ಳಿವಾರು, ತಿಂಗಳುವಾರು ಜೋಡಿಸಿಟ್ಟರೆ ನೀರು ಎಲ್ಲಿ ನಿಲ್ಲುತ್ತಿದೆ ಎಂಬುದು ತಾನಾಗಿ ಕಾಣುತ್ತದೆ. ಆ ಪಟ್ಟಿ ಹಿಡಿದ ಶಾಸಕ ನೀರಾವರಿ ಸಲಹಾ ಸಮಿತಿಯಲ್ಲಿ ವಾರಾಬಂದಿಯ, ಅಂದರೆ ಸರದಿಯಂತೆ ನೀರು ಬಿಡುವ ಪದ್ಧತಿಯ ಬಗ್ಗೆ ಮಾತಾಡಿದರೆ ಅದರ ತೂಕವೇ ಬೇರೆ.

ಸಿಂದಗಿಯ ಶಾಸಕರೂ ಸಚಿವರೂ ಆಗಿದ್ದ ಎಂ.ಸಿ. ಮನಗೂಳಿಯವರು ಗುತ್ತಿಬಸವಣ್ಣ ಏತ ನೀರಾವರಿ ಆಗುವವರೆಗೆ ಚಪ್ಪಲಿ ಮೆಟ್ಟುವುದಿಲ್ಲವೆಂದು ಹಟ ಹಿಡಿದು ಬರಿಗಾಲಲ್ಲಿ ಓಡಾಡಿದ್ದನ್ನು ನಮ್ಮ ಜನ ಈಗಲೂ ನೆನೆಯುತ್ತಾರೆ. ಒಬ್ಬ ರೈತನ ಹೊಲಕ್ಕಾಗಿ ಯಾರೂ ಅಂಥ ಹಟ ಹಿಡಿಯುವುದಿಲ್ಲ. ನೂರಾರು ಮಂದಿಯ ದಾಹವನ್ನು ಒಂದೇ ಬೇಡಿಕೆಯಾಗಿ ಕಂಡವರಿಗೆ ಮಾತ್ರ ಅದು ಸಾಧ್ಯ.

ಅದಕ್ಕೇ ನಮ್ಮ ಭಾಗದ ಶಾಸಕರಲ್ಲಿ, ಯಾವ ಪಕ್ಷದವರೇ ಇರಲಿ, ನನ್ನ ವಿನಂತಿ ಇಷ್ಟು. ವಾರದಲ್ಲಿ ಒಂದು ದಿನ, ಒಂದು ಹೊತ್ತು, ಒಂದು ಜಾಗ ಗೊತ್ತು ಮಾಡಿ. ಅದು ಆಯಾ ಊರಿನ ಸಂತೆಯ ದಿನವಾದರೆ ಇನ್ನೂ ಒಳ್ಳೆಯದು, ಆ ದಿನ ಜನ ಹೇಗೂ ಬಂದಿರುತ್ತಾರೆ. ತಾಳಿಕೋಟೆ, ಆಲಮೇಲ, ನಿಡಗುಂದಿ, ಕೊಲ್ಹಾರ ಈಗ ತಾಲ್ಲೂಕುಗಳಾಗಿವೆ, ಆಯಾ ಕ್ಷೇತ್ರದವರು ಸರದಿಯಂತೆ ಅಲ್ಲಿಯೂ ಕೂರಲಿ. ಬಂದ ಅರ್ಜಿಗೆ ನಂಬರ್ ಹಾಕಿ, ಚೀಟಿ ಕೊಡಿ. ತಿಂಗಳ ಕೊನೆಗೆ ವಿಷಯವಾರು ಎಣಿಸಿ. ಕಚೇರಿಯಲ್ಲಿ ನಿಂತ ಕೆಲಸವನ್ನು ಕೆಡಿಪಿ ಸಭೆಯಲ್ಲಿ ಅಂಕಿ ಸಮೇತ ಓದಿ. ನಿಯಮವೇ ಅಡ್ಡವಾಗಿದ್ದರೆ ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಕೇಳಿ. ಇದಕ್ಕೆ ಹೊಸ ಕಾಯ್ದೆ ಬೇಡ, ಅನುದಾನವೂ ಬೇಡ, ಒಂದು ದಪ್ಪ ಲೆಕ್ಕದ ಪುಸ್ತಕ ಸಾಕು. ಬಸವಣ್ಣ ಕರಣಿಕನಾಗಿ, ಭಂಡಾರಿಯಾಗಿ ಲೆಕ್ಕ ನೋಡಿದವನು. ಅವನು ಹುಟ್ಟಿದ ಬಾಗೇವಾಡಿಯ ನೆಲಕ್ಕೆ ಇದು ಹೊಸ ಪಾಠವಲ್ಲ.

ನಮ್ಮ ಪಾಲಿನದೂ ಇದೆ. ಮಗನ ಮದುವೆಗೆ ಶಾಸಕರು ಬರಲಿಲ್ಲವೆಂದು ಮುನಿಸಿಕೊಳ್ಳುವ ನಾವು, ಸದನದಲ್ಲಿ ನಮ್ಮ ಬಗ್ಗೆ ಅವರು ಏನು ಕೇಳಿದರು ಎಂದು ವಿಚಾರಿಸುವುದಿಲ್ಲ. ಅವರ ವಾರವನ್ನು ಮಂಟಪಗಳಲ್ಲಿ ಕಳೆಯುವಂತೆ ಮಾಡಿದವರು ನಾವೇ.

ಆ ಆಯಿ ದೀಪಾವಳಿಯ ಮುಂದೆ ಮತ್ತೆ ಬಂದಳು. ಸೆರಗಿನ ಗಂಟು ಬಿಚ್ಚಿ ಮಡಿಸಿದ ಒಂದು ಹಾಳೆ ತೆಗೆದಳು. ಶಾಲೆಗೆ ಹೋಗುವ ಮೊಮ್ಮಗಳ ಕೈಯಲ್ಲಿ ನಾಲ್ಕು ಹೆಂಗಸರ ಹೆಸರು ಬರೆಸಿದ್ದಳು, ಹೆಸರಿನ ಮುಂದೆ ಪಗಾರ ನಿಂತ ತಿಂಗಳನ್ನೂ ಬರೆಸಿದ್ದಳು. "ನಂದು ಬಂತ್ರಿ. ನಮ್ಮ ಓಣ್ಯಾಗಿನ ಈ ನಾಕ್ ಮಂದಿದು ಬಂದಿಲ್ಲ. ಎಲ್ಲಾರದೂ ಕೂಡ್ಸಿ ಒಂದಾ ಅರ್ಜಿ ಬರೀರಿ" ಎಂದಳು.

ಅಕ್ಷರ ಬಾರದ ಆಯಿ ಓಣಿಯ ಲೆಕ್ಕ ಇಟ್ಟಿದ್ದಾಳೆ. ಕ್ಷೇತ್ರದ ಲೆಕ್ಕವನ್ನು ಶಾಸಕರು ಇಡಲಿ.