ಛಾಯಾಚಿತ್ರಕಾರನಿಗೆ ಹೆಸರು ಬೇಡವೆ?

ನಮ್ಮ ಸಂಘದ ಕಳೆದ ವಾರ್ಷಿಕೋತ್ಸವದ ಲೆಕ್ಕಪತ್ರವು ಸಭೆಯ ಮುಂದೆ ಬಂದಾಗ, ಹಾರತುರಾಯಿಗಳ ವೆಚ್ಚವನ್ನಾಗಲಿ ಶಾಮಿಯಾನದ ಬಾಡಿಗೆಯನ್ನಾಗಲಿ ಯಾರೂ ಪ್ರಶ್ನಿಸಲಿಲ್ಲ. ಛಾಯಾಚಿತ್ರಕಾರನಿಗೆ ಸಲ್ಲಬೇಕಾದ ಹಣದ ಮಾತು ಬಂದಾಗ ಮಾತ್ರ ಮಾನ್ಯ ಸದಸ್ಯರೊಬ್ಬರು ಎದ್ದು, “ಈಗ ಎಲ್ಲರ ಕೈಯಲ್ಲಿಯೂ ಮೊಬೈಲು ಇದೆಯಷ್ಟೆ, ಗುಂಡಿಯೊತ್ತುವುದಕ್ಕೆ ಸಂಭಾವನೆ ಏತಕ್ಕೆ?” ಎಂದು ಕೇಳಿದರು. ಸಭೆಯು ನಕ್ಕಿತು, ಹಣವು ಅರ್ಧಕ್ಕಿಳಿಯಿತು. ಮರುತಿಂಗಳ ಸಂಚಿಕೆಯಲ್ಲಿ ಅದೇ ಉತ್ಸವದ ಐದು ಚಿತ್ರಗಳು ಅಚ್ಚಾದುವು. ಹಾರ ಹಾಕಿದವರ ಹೆಸರು, ಹಾಕಿಸಿಕೊಂಡವರ ಹೆಸರು, ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದವರ ಹೆಸರು ಎಲ್ಲವೂ ಅಲ್ಲಿದ್ದುವು. ಚಿತ್ರವನ್ನು ತೆಗೆದವನ ಹೆಸರೊಂದು ಇರಲಿಲ್ಲ.

ಆ ದಿನ ನಕ್ಕವರಲ್ಲಿ ನಾನೂ ಒಬ್ಬನು. ಮನೆಗೆ ಬಂದಮೇಲೆ ಆ ನಗೆಯು ನನಗೆ ಜೀರ್ಣವಾಗಲಿಲ್ಲ. ಹಾಡುವವನಿಗೆ ಶಾಲನ್ನೂ ಬರೆಯುವವನಿಗೆ ಬಿನ್ನವತ್ತಳೆಯನ್ನೂ ಕೊಡುವ ಸಂಸ್ಥೆಯು, ಚಿತ್ರಕಾರನನ್ನು ಮಾತ್ರ ಬಾಡಿಗೆಯ ಸಾಮಾನುಗಳ ಪಟ್ಟಿಯಲ್ಲಿ ಬರೆಯುವುದು ನ್ಯಾಯವೆ? ಈ ಪ್ರಶ್ನೆಯನ್ನು ವಾಚಕಮಹಾಶಯರ ಮುಂದಿಡುವುದಕ್ಕಾಗಿಯೇ ಈ ಲೇಖನವು. ಶಾಸ್ತ್ರದ ಕ್ರಮದಂತೆ ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಹೇಳಿ, ಆಮೇಲೆ ಉತ್ತರವನ್ನು ಕೊಡುವೆನು.

ಪೂರ್ವಪಕ್ಷಿಗಳ ವಾದವು ಮೂರು ಬಗೆಯದು. ಮೊದಲನೆಯದು: ಚಿತ್ರವನ್ನು ಬರೆಯುವುದು ಯಂತ್ರ, ಮನುಷ್ಯನಲ್ಲ, ಆದಕಾರಣ ಇದು ಕಲೆಯಲ್ಲ. ಎರಡನೆಯದು: ಹಣ ಕೊಟ್ಟು ತೆಗೆಸಿದ ಚಿತ್ರವು ಹಣ ಕೊಟ್ಟವನ ಸೊತ್ತು, ತೆಗೆದವನ ಹೆಸರಿಗೆ ಅಲ್ಲಿ ಅಧಿಕಾರವಿಲ್ಲ. ಮೂರನೆಯದು: ಇದೊಂದು ಭೋಗದ ವೆಚ್ಚ, ಎಲ್ಲರೂ ತಾವೇ ಚಿತ್ರ ತೆಗೆದುಕೊಳ್ಳುವ ಈ ಕಾಲದಲ್ಲಿ ಅದನ್ನು ವೃತ್ತಿಯೆಂದು ಹಿಡಿಯುವವನು ಅವಿವೇಕಿ.

ಮೊದಲನೆಯದನ್ನು ನೋಡೋಣ. ವೀಣೆಯಿಲ್ಲದೆ ವೈಣಿಕನಿಲ್ಲ, ಆದರೆ ವೀಣೆಯೇ ನುಡಿಸುತ್ತದೆಂದು ಯಾರೂ ಹೇಳುವುದಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಅದು ಪೂರ್ವಾಭಿಮುಖವಾದುದು, ಅದರ ಕಲ್ಲು ನುಣುಪಾದ ಬಳಪದ ಕಲ್ಲು. ಮೂಡಣ ಗೋಡೆಯ ವಿಗ್ರಹಗಳ ಮೇಲೆ ಬೆಳಗಿನ ಬಿಸಿಲು ಓರೆಯಾಗಿ ಬೀಳುವಾಗ ಒಂದೊಂದು ಆಭರಣದ ಎಳೆಯೂ ತನ್ನ ನೆರಳನ್ನು ತಾನೇ ಬರೆದುಕೊಳ್ಳುವುದು. ಹಿಂಬದಿಯ ಗೋಡೆಗೆ ಆ ಭಾಗ್ಯವು ಇಳಿಹೊತ್ತಿನಲ್ಲಿ. ಸೂರ್ಯನು ನೆತ್ತಿಯ ಮೇಲಿರುವಾಗ ಹೋದವನು, ಎಷ್ಟು ಬೆಲೆಯ ಯಂತ್ರವನ್ನು ಒಯ್ದಿದ್ದರೂ, ಆ ಚೆಲುವನ್ನು ಕಾಣದೆ ಬರುವನು. ಯಾವ ಗೋಡೆಗೆ ಯಾವ ಹೊತ್ತು ಎಂಬುದನ್ನು ಯಂತ್ರವು ಹೇಳಲಾರದು. ನಮ್ಮ ಸಭಾಮಂಟಪವೂ ಹಾಗೆಯೆ. ವೇದಿಕೆಯ ಹಿಂದೆ ಬೆಳಗುವ ಬಟ್ಟೆಯ ಫಲಕವನ್ನು ಕಟ್ಟಿರುತ್ತೇವೆ. ಮೊಬೈಲು ಆ ಫಲಕದ ಬೆಳಕನ್ನು ಲೆಕ್ಕಕ್ಕೆ ತೆಗೆದುಕೊಂಡು ಕವಿಯ ಮುಖವನ್ನು ಕಪ್ಪುಮಾಡಿಬಿಡುತ್ತದೆ. ಎಲ್ಲಿ ನಿಂತರೆ ಆ ಮುಖಕ್ಕೆ ಬೆಳಕು ದೊರೆಯುವುದು, ಕವಿಯು ಕಾಗದದಿಂದ ಯಾವಾಗ ಕಣ್ಣೆತ್ತುವನು ಎಂಬುದನ್ನು ಬಲ್ಲವನೇ ಚಿತ್ರಕಾರನು.

ವಿಷ್ಣುಧರ್ಮೋತ್ತರ ಪುರಾಣದಲ್ಲಿ ಮಾರ್ಕಂಡೇಯನು ವಜ್ರರಾಜನಿಗೆ ಹೇಳುವ ಪ್ರಸಂಗವು ಪಂಡಿತರಿಗೆ ತಿಳಿದದ್ದೇ. ಮೂರ್ತಿಶಿಲ್ಪವು ತಿಳಿಯಬೇಕಾದರೆ ಚಿತ್ರ ತಿಳಿದಿರಬೇಕು. ಚಿತ್ರಕ್ಕೆ ನೃತ್ಯ, ನೃತ್ಯಕ್ಕೆ ವಾದ್ಯ, ವಾದ್ಯಕ್ಕೆ ಗೀತ ಎಂದು ಅಲ್ಲಿ ಒಂದರ ಬೆನ್ನಿಗೆ ಒಂದನ್ನು ಕಟ್ಟಿದೆ. ಈ ಮಾತು ಛಾಯಾಚಿತ್ರಕ್ಕೂ ಸಲ್ಲುವುದು. ಯಕ್ಷಗಾನದಲ್ಲಿ ತಾಳದ ಮುಕ್ತಾಯವು ಎಲ್ಲಿ ಬೀಳುವುದೆಂದು ತಿಳಿಯದವನು, ವೇಷಧಾರಿಯು ಯಾವ ಕ್ಷಣದಲ್ಲಿ ನಿಲ್ಲುವನೆಂಬುದನ್ನು ತಿಳಿಯನು. ಅವನ ಚಿತ್ರದಲ್ಲಿ ಕಿರೀಟವಿದ್ದೀತು, ಕುಣಿತವಿರದು. ಅಭಿಜ್ಞಾನಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ತಾನೇ ಬರೆದ ಶಕುಂತಲೆಯ ಚಿತ್ರವನ್ನು ನೋಡುವ ಸಂದರ್ಭವನ್ನು ನೆನೆಯಿರಿ. ವಿದೂಷಕನಿಗೆ ಚಿತ್ರವು ಮುಗಿದಂತೆಯೇ ತೋರುತ್ತದೆ. ದುಷ್ಯಂತನಿಗಾದರೋ ಮಾಲಿನಿಯ ಮಳಲಲ್ಲಿ ಹಂಸಗಳಿಲ್ಲ, ಕಿವಿಯಲ್ಲಿ ಶಿರೀಷಪುಷ್ಪವಿಲ್ಲ ಎಂಬ ಕೊರತೆ. ಈ ಅತೃಪ್ತಿಯೇ ಚಿತ್ರಕಾರನ ಲಕ್ಷಣ. ಗುಂಡಿಯೊತ್ತಿದೊಡನೆ ತೃಪ್ತನಾಗುವವನು ವಿದೂಷಕನ ಗುಂಪಿನವನು.

ಎರಡನೆಯ ವಾದವು ಒಡೆತನದ್ದು. ಇದಕ್ಕೆ ಉತ್ತರವು ನಮ್ಮ ದೇಶದ ಕಾನೂನಿನಲ್ಲಿಯೇ ಇದೆ. 1957ರ ಕೃತಿಸ್ವಾಮ್ಯದ ಕಾಯಿದೆಯು ಛಾಯಾಚಿತ್ರವನ್ನು ಕಲಾಕೃತಿಗಳ ಸಾಲಿನಲ್ಲಿ ಸೇರಿಸಿದೆ. ಚಿತ್ರವನ್ನು ತೆಗೆದವನೇ ಅದರ ಕರ್ತೃವೆಂದು ಸ್ಪಷ್ಟವಾಗಿ ಹೇಳಿದೆ. ಪ್ರತಿಫಲವನ್ನು ಕೊಟ್ಟು ಒಬ್ಬನು ಚಿತ್ರ ತೆಗೆಸಿದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಅದರ ಸ್ವಾಮ್ಯವು ತೆಗೆಸಿದವನಿಗೆ ಸೇರುವುದು ನಿಜ. ಆದರೆ ಸ್ವಾಮ್ಯವೇ ಬೇರೆ, ಕರ್ತೃತ್ವವೇ ಬೇರೆ. ಸ್ವಾಮ್ಯವು ಕೈಬಿಟ್ಟ ಮೇಲೆಯೂ ‘ಇದು ನನ್ನ ಕೃತಿ’ ಎಂದು ಹೇಳಿಕೊಳ್ಳುವ ಹಕ್ಕನ್ನು ಅದೇ ಕಾಯಿದೆಯ 57ನೆಯ ಪ್ರಕರಣವು ಕರ್ತೃವಿಗೆ ಉಳಿಸಿಕೊಟ್ಟಿದೆ. ಹಸುವನ್ನು ಕೊಂಡವನು ಅದರ ಒಡೆಯನಾಗುವನು, ಅದರ ತಾಯಿಯಾಗಲಾರನಷ್ಟೆ! ಇನ್ನು ಬಿಟ್ಟಿಯಾಗಿ ತೆಗೆಸಿಕೊಂಡ ಚಿತ್ರಕ್ಕೆ ಆ ಒಡೆತನವೂ ನಮಗೆ ತಾನಾಗಿ ಬಾರದೆಂಬುದನ್ನು, ಪ್ರೀತಿಗಾಗಿ ತೆಗೆದುಕೊಡು ಎಂದು ಕೇಳುವ ಮಿತ್ರರು ನೆನಪಿನಲ್ಲಿಡಬೇಕು. ಹಿಂದೆ ಛಾಯಾಚಿತ್ರಕ್ಕೆ ಪ್ರಕಟನೆಯಿಂದ 60 ವರ್ಷಗಳ ರಕ್ಷಣೆ ಮಾತ್ರವಿದ್ದಿತು. 2012ರ ತಿದ್ದುಪಡಿಯು ಆ ಭೇದವನ್ನು ತೆಗೆದು, ಕವಿಗೆ ಇರುವಂತೆಯೇ ಜೀವಿತಾವಧಿ ಮತ್ತು ಆಮೇಲೆ 60 ವರ್ಷಗಳೆಂದು ಮಾಡಿತು. ಸಂಸತ್ತು ಕವಿಯನ್ನೂ ಛಾಯಾಚಿತ್ರಕಾರನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿತು. ಸಾಹಿತ್ಯ ಸಂಘವು ಮಾತ್ರ ಅವನನ್ನು ಇನ್ನೂ ಹೊರಜಗಲಿಯಲ್ಲಿ ಕೂರಿಸಿದೆ.

ಹೆಸರೆಂಬುದು ಅಲ್ಪವಸ್ತುವೆಂದು ಹೇಳುವವರಿಗೆ ಒಂದು ನಿದರ್ಶನವನ್ನು ಕೊಡುವೆನು. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿಯೆಂದು ಪ್ರಸಿದ್ಧರಾದ ಹೋಮಾಯಿ ವ್ಯಾರಾವಾಲಾ ಅವರ ಮೊದಮೊದಲಿನ ಚಿತ್ರಗಳು ಪತಿಯ ಹೆಸರಿನಲ್ಲಿ ಅಚ್ಚಾಗಿದ್ದುವು. ಹೆಂಗಸು ತೆಗೆದ ಚಿತ್ರಕ್ಕೆ ಆ ಕಾಲದಲ್ಲಿ ಬೆಲೆಯಿರಲಿಲ್ಲ. ಅವರಿಗೆ ಪದ್ಮವಿಭೂಷಣವು ಬಂದದ್ದು 2011ರಲ್ಲಿ, 97ನೆಯ ವಯಸ್ಸಿನಲ್ಲಿ. ಮರುವರ್ಷವೇ ಅವರು ತೀರಿಕೊಂಡರು. ಹೆಸರನ್ನು ತಡೆದಿಟ್ಟರೆ ಸಂಭವಿಸುವ ನಷ್ಟವು ಇಂಥದು.

ಮೂರನೆಯದು ಭೋಗದ ವಾದ. ಇದು ಹೊಸತೇನಲ್ಲ. ಮದರಾಸಿನ ಸೈನ್ಯದ ಅಧಿಕಾರಿಯಾಗಿದ್ದ ಲಿನೀಯಸ್ ಟ್ರೈಪ್ ಎಂಬಾತನು 1854ರಲ್ಲಿ ಹಳೇಬೀಡು ಬೇಲೂರುಗಳ ಚಿತ್ರಗಳನ್ನು ತೆಗೆದು 1855ರ ಮದರಾಸಿನ ಪ್ರದರ್ಶನದಲ್ಲಿ ತೋರಿಸಿದನು. 1856ರಲ್ಲಿ ಮದರಾಸಿನ ಸರಕಾರವು ಅವನನ್ನು ತನ್ನ ಛಾಯಾಚಿತ್ರಕಾರನನ್ನಾಗಿ ನೇಮಿಸಿತು. ಮೂರು ವರ್ಷ ಕಳೆಯುವಷ್ಟರಲ್ಲಿ ಗವರ್ನರಾಗಿ ಬಂದ ಸರ್ ಚಾರ್ಲ್ಸ್ ಟ್ರೆವೆಲಿಯನ್ನನು, ಸರಕಾರದ ಬೊಕ್ಕಸಕ್ಕೆ ಇದು ತಕ್ಕುದಲ್ಲದ ಭೋಗವೆಂದು ಎಣಿಸಿ ಕೆಲಸವನ್ನು ನಿಲ್ಲಿಸಿಬಿಟ್ಟನು. ಅಂದು ಭೋಗವೆನಿಸಿದ ಆ ಚಿತ್ರಗಳನ್ನು ಇಂದು ಲಂಡನ್, ವಾಷಿಂಗ್ಟನ್ ನಗರಗಳ ವಸ್ತುಸಂಗ್ರಹಾಲಯಗಳು ಜೋಪಾನವಾಗಿ ಕಾಪಾಡಿವೆ. ನಮ್ಮ ಸಭೆಯಲ್ಲಿ ಎದ್ದ ಮಾನ್ಯ ಸದಸ್ಯರು ತಮಗರಿಯದೆಯೇ ಟ್ರೆವೆಲಿಯನ್ನನ ಮಾತನ್ನು ಆಡಿದರು. ಹಂಪೆಯ ಕಥೆಯನ್ನೂ ಕೇಳಿ. 1856ರಲ್ಲಿ ಗ್ರೀನ್‌ಲಾ ಎಂಬ ಅಧಿಕಾರಿಯು ದೊಡ್ಡ ಕಾಗದದ ಪಡಿಯಚ್ಚುಗಳಲ್ಲಿ ಹಂಪೆಯನ್ನು ಹಿಡಿದಿಟ್ಟನು. 1983ರಲ್ಲಿ ಜಾನ್ ಗಾಲಿಂಗ್ಸ್ ಎಂಬವರು ಅದೇ ಅದೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಒತ್ತಿಗಿಟ್ಟು ನೋಡಿದರೆ, 127 ವರ್ಷಗಳಲ್ಲಿ ಯಾವ ಕಲ್ಲು ಉಳಿಯಿತು, ಯಾವುದು ಬಿದ್ದಿತು ಎಂಬುದು ಕಣ್ಣಿಗೆ ಕಾಣುವುದು. ಶಾಸನವನ್ನು ಓದುವ ನಾವು ಇದನ್ನೂ ಒಂದು ಶಾಸನವೆಂದು ಒಪ್ಪದಿರುವುದು ಹೇಗೆ?

ಎಲ್ಲರ ಕೈಯಲ್ಲಿಯೂ ಯಂತ್ರವಿರುವುದರಿಂದ ವೃತ್ತಿಯು ಸತ್ತಿತೆಂಬ ಮಾತೂ ನಿಲ್ಲದು. ಎಲ್ಲರ ಕೈಯಲ್ಲಿಯೂ ಲೇಖನಿಯಿದ್ದರೂ ಈ ಪತ್ರಿಕೆಗೆ ಒಳ್ಳೆಯ ಲೇಖನಗಳು ಸಾಲದೆಂದು ಸಂಪಾದಕರು ತಿಂಗಳು ತಿಂಗಳೂ ಕೊರಗುತ್ತಿರುವರಲ್ಲವೆ? ಅಲ್ಲದೆ ಈಗ ಕ್ಯಾಮರಾವೇ ಇಲ್ಲದೆ ಚಿತ್ರವನ್ನು ಹುಟ್ಟಿಸುವ ಕೃತಕ ಬುದ್ಧಿಯು ಬಂದಿದೆ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್‌ಸೆನ್ ಎಂಬ ಕಲಾವಿದನು ಇಂಥ ಕೃತಕಚಿತ್ರವೊಂದನ್ನು ಸೋನಿ ಸಂಸ್ಥೆಯ ಹೆಸರಿನ ಜಾಗತಿಕ ಛಾಯಾಚಿತ್ರ ಸ್ಪರ್ಧೆಗೆ ಕಳುಹಿಸಿ, ಬಹುಮಾನವು ಬಂದಮೇಲೆ ಅದನ್ನು ನಿರಾಕರಿಸಿ, ಎರಡರ ಭೇದವನ್ನು ವಿಚಾರಿಸಿರೆಂದು ಕೇಳಿದನು. ಹೀಗಿರಲು, ‘ನಾನು ಅಲ್ಲಿದ್ದೆನು, ಕಣ್ಣಾರೆ ಕಂಡೆನು, ಇದು ನನ್ನ ಹೆಸರು’ ಎಂದು ಹೇಳಬಲ್ಲ ಚಿತ್ರಕಾರನ ಸಾಕ್ಷ್ಯಕ್ಕೆ ಬೆಲೆಯು ಏರಬೇಕೇ ಹೊರತು ಇಳಿಯಬಾರದು. ಹೆಸರಿಲ್ಲದ ಸಾಕ್ಷ್ಯವನ್ನು ಯಾವ ನ್ಯಾಯಸ್ಥಾನವು ಒಪ್ಪೀತು?

ಇಷ್ಟು ಹೇಳಿದ ನಾನು ನಿರ್ದೋಷಿಯಲ್ಲ. ಉಪಾಧ್ಯಾಯನಾಗಿದ್ದ ಕಾಲದಲ್ಲಿ ಪ್ರತಿವರ್ಷವೂ ಬೀಳ್ಕೊಡುವ ತರಗತಿಯ ಗುಂಪುಚಿತ್ರವನ್ನು ತೆಗೆಸುವ ಹೊಣೆಯು ನನ್ನದಾಗಿತ್ತು. ನಮ್ಮ ಊರಿನ ಸ್ಟುಡಿಯೋದವನು ಬಂದು, ಬಿಸಿಲಿಗೆ ಮಕ್ಕಳ ಕಣ್ಣು ಮುಚ್ಚದಂತೆ ಹುಣಿಸೆಯ ಮರದ ನೆರಳಿನಲ್ಲಿ ಬೆಂಚುಗಳನ್ನು ಮೂರು ಸಾಲಾಗಿ ಇಡಿಸಿ, ಕುಳ್ಳರನ್ನು ಮುಂದೆ ಕೂರಿಸಿ, ಅಳುವವನನ್ನು ನಗಿಸಿ, ಒಂದು ಗಂಟೆಯ ಕಾಲ ದುಡಿಯುತ್ತಿದ್ದನು. ನಾನು ಪ್ರತಿಯೊಂದಕ್ಕೆ ಎರಡು ರೂಪಾಯಿ ಇಳಿಸೆಂದು ಚೌಕಾಶಿ ಮಾಡುತ್ತಿದ್ದೆನು. ‘ಆಗಲಿ, ಮೇಷ್ಟರೆ’ ಎಂದು ಅವನು ಒಪ್ಪುತ್ತಿದ್ದನು. ನನ್ನ ಪಾಠಶಾಲೆಯ ಗುರುಗಳು ಜೀವಮಾನದಲ್ಲಿ ಒಂದೇ ಸಲ ಚಿತ್ರಕ್ಕೆ ಕುಳಿತವರು. ಅದನ್ನು ತೆಗೆದವನೂ ಅವನೇ. ಕಾಲಕ್ರಮದಲ್ಲಿ ಅಂಗಡಿಯು ಮುಚ್ಚಿತು. ಪಡಿಯಚ್ಚುಗಳೆಲ್ಲ ಮೂಟೆಯಾಗಿ ಗುಜರಿಗೆ ಹೋದುವು. ಈಗ ಗುರುಗಳ ಮುಖವು ನನ್ನ ಗೋಡೆಯ ಮೇಲಿನ ಒಂದೇ ಪ್ರತಿಯಲ್ಲಿ ಉಳಿದಿದೆ. ತೇವಕ್ಕೆ ಅದರ ಬಲಗಿವಿಯೂ ಅರ್ಧ ಕೆನ್ನೆಯೂ ಅಳಿಸಿಹೋಗಿವೆ. ಚಿತ್ರದ ಹಿಂದೆ ಅಂಗಡಿಯ ಮೊಹರಿದೆ, ಮನುಷ್ಯನ ಹೆಸರಿಲ್ಲ. ನಾನು ಉಳಿಸಿದ ಎರಡೆರಡು ರೂಪಾಯಿಗಳನ್ನೆಲ್ಲ ಕೂಡಿಸಿ ಕೊಟ್ಟರೂ ಆ ಕೆನ್ನೆಯು ಇನ್ನು ಮರಳದು.

ಇನ್ನು ಈ ವೃತ್ತಿಯನ್ನು ಹಿಡಿಯಬೇಕೆನ್ನುವ ತರುಣತರುಣಿಯರಿಗೂ ನಾಲ್ಕು ಮಾತು ಹೇಳದಿದ್ದರೆ ವಾದವು ಏಕಪಕ್ಷವಾದೀತು. ಗೌರವವು ಬೇಡಿದವರಿಗೆ ಬರುವುದಲ್ಲ. ಸಾಲಮಾಡಿ ಹೊಸ ಹೊಸ ಕ್ಯಾಮರಾಗಳನ್ನು ಕೊಳ್ಳುವುದೇ ಸಾಧನೆಯೆಂದು ಬಗೆದವರೂ, ವಧುವಿನ ಮುಖವನ್ನು ಸುಣ್ಣ ಬಳಿದ ಗೋಡೆಯಂತೆ ಬಿಳಿದುಮಾಡಿ ಕೊಡುವವರೂ ನಮ್ಮಲ್ಲಿ ಇದ್ದಾರೆ. ಇವರು ಹಣವನ್ನು ಗಳಿಸಬಹುದು, ವಿದ್ಯೆಯನ್ನಲ್ಲ. ಮೈಸೂರಿನ ಟಿ. ಎಸ್. ಸತ್ಯನ್ ಅವರನ್ನು ನೋಡಿ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ವಿಶ್ವಸಂಸ್ಥೆಯ ಕೇಂದ್ರಸ್ಥಾನದಲ್ಲಿ ಪ್ರದರ್ಶಿತವಾದ ಅವರ ಚಿತ್ರಗಳಲ್ಲಿ ಇದ್ದವರು ರಾಜಮಹಾರಾಜರಲ್ಲ, ನಮ್ಮ ಕೇರಿಗಳ ಮಕ್ಕಳು. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಅವರು ಹಲವು ದಶಕಗಳ ಕಾಲ ಕಾಡಿನ ಪ್ರಾಣಿಪಕ್ಷಿಗಳನ್ನೇ ಹಿಂಬಾಲಿಸಿದರು. ಅನೇಕ ತರುಣರಿಗೆ ಆ ವಿದ್ಯೆಯನ್ನು ಕಲಿಸಿ 2017ರಲ್ಲಿ ತೀರಿಕೊಂಡರು. ಇಬ್ಬರೂ ಒಂದು ವಿಷಯವನ್ನು ಹಿಡಿದು ಬಿಡದೆ ಕುಳಿತವರು.

ಆದಕಾರಣ, ಮದುವೆ ಮುಂಜಿಗಳಿಂದ ಅನ್ನವನ್ನು ಸಂಪಾದಿಸಿರಿ, ಅದರಲ್ಲಿ ಹೀನತೆಯೇನೂ ಇಲ್ಲ. ಆದರೆ ನಿಮ್ಮದೆನ್ನುವ ಒಂದು ವಿಷಯವನ್ನು, ನಿಮ್ಮ ಊರಿನ ಸಂತೆಯನ್ನೋ ಕೆರೆಯನ್ನೋ ನೇಕಾರರ ಕೇರಿಯನ್ನೋ, ಹತ್ತು ವರ್ಷ ಬಿಡದೆ ತೆಗೆಯಿರಿ. ಕರಾರನ್ನು ಕಾಗದದ ಮೇಲೆ ಬರೆಸಿಕೊಳ್ಳಿರಿ. ಯಾವ ಉಪಯೋಗಕ್ಕೆ, ಎಷ್ಟು ಪ್ರತಿಗೆ, ಎಷ್ಟು ಹಣವೆಂಬುದು ಅದರಲ್ಲಿರಲಿ. ಒಂದೊಂದು ಚಿತ್ರಕ್ಕೂ ತಾರೀಖು, ಸ್ಥಳ, ಅದರಲ್ಲಿರುವವರ ಹೆಸರುಗಳನ್ನು ಬರೆದಿಟ್ಟು, ಎರಡು ಬೇರೆ ಸ್ಥಳಗಳಲ್ಲಿ ಕಾಪಾಡಿರಿ. ದುಃಖದಲ್ಲಿರುವವನ ಮುಖಕ್ಕೆ ಕ್ಯಾಮರಾವನ್ನು ಹಿಡಿಯುವ ಮೊದಲು ಅವನ ಕಣ್ಣನ್ನು ನೋಡಿರಿ; ಬೇಡವೆಂದರೆ ಇಳಿಸಿರಿ.

ಸಂಘದ ಮುಂದೆ ನನ್ನ ಬೇಡಿಕೆಗಳು ಮೂರೇ. ಈ ಪತ್ರಿಕೆಯ ಪ್ರತಿಯೊಂದು ಚಿತ್ರದ ಕೆಳಗೂ ತೆಗೆದವನ ಹೆಸರು ಅಚ್ಚಾಗಲಿ. ಗೊತ್ತುಮಾಡಿದ ಸಂಭಾವನೆಯು ಕೆಲಸ ಮುಗಿದಮೇಲೆ ಇಳಿಯದಿರಲಿ. ಜಿಲ್ಲೆಯಲ್ಲಿ ಮುಚ್ಚಿಹೋಗುತ್ತಿರುವ ಹಳೆಯ ಸ್ಟುಡಿಯೋಗಳ ಪಡಿಯಚ್ಚುಗಳು ಗುಜರಿಗೆ ಹೋಗುವ ಮೊದಲು ಸಂಘದ ಕಪಾಟಿಗೆ ಬರಲಿ. ಕಳೆದ ಉತ್ಸವದ ಬಾಕಿ ಅರ್ಧ ಹಣಕ್ಕೆ ನನ್ನ ಪಾಲನ್ನು ಈ ಲೇಖನದೊಡನೆಯೇ ಕಾರ್ಯದರ್ಶಿಗಳಿಗೆ ಕಳುಹಿಸಿರುವೆನು. ಅಂದು ನನ್ನೊಡನೆ ನಕ್ಕ ಮಹನೀಯರು ತಮ್ಮ ತಮ್ಮ ಪಾಲನ್ನು ಸೇರಿಸುವರೆಂದು ನಂಬಿರುವೆನು.