ಜಾಡಿಯೊಳಗಿನ ಮಲೆನಾಡು

ನವರಂಗಪುರದ ನಮ್ಮ ಕೋಣೆಗಳಲ್ಲಿ ಈಗ ಟೆರೇರಿಯಂ ಗೀಳು. ಅಂದರೆ, ಗಾಜಿನ ಜಾಡಿಯೊಳಗೊಂದು ಪುಟ್ಟ ತೋಟ. ನಾನೂ ಮಾಡಿದೆ ಮಾರಾಯ್ರೇ! ಗಣೇಶನ ಹಬ್ಬಕ್ಕೆ ತೀರ್ಥಹಳ್ಳಿಗೆ ಹೋದವನು ಕಾಡಿನ ಬಂಡೆಯ ಪಾಚಿ ಕಿತ್ತು ತಂದೆ. ಜಾಡಿಗೆ ಹಾಕಿ, ಮುಚ್ಚಳ ಬಿಗಿದು, ಕಿಟಕಿಯ ಬಿಸಿಲಿಗಿಟ್ಟೆ. ನಾಲ್ಕೇ ದಿನ, ಬೆಂದ ಸೊಪ್ಪು! ಫೋನಿನಲ್ಲಿ ಅಮ್ಮ ನಕ್ಕಳು: “ಜಾರತ್ತೆ ಅಂತ ನಾವು ಅಂಗಳ ಉಜ್ತೀವಿ, ನೀನು ಅದನ್ನೇ ಸಾಕ್ತೀಯಾ?”

ತಪ್ಪು ಪಾಚಿಯದಲ್ಲ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್, ಪತಂಗದ ಕೋಶವಿಟ್ಟ ಮುಚ್ಚಿದ ಶೀಷೆಯಲ್ಲಿ ಜರೀಗಿಡ ಚಿಗುರಿದ್ದನ್ನು ಕಂಡ. ಮಣ್ಣಿನ ನೀರು ಆವಿಯಾಗಿ, ಗಾಜಿಗೆ ತಾಗಿ ಹನಿಯಾಗಿ, ಮತ್ತೆ ಮಣ್ಣಿಗೇ ಇಳಿಯುತ್ತದೆ. ಆದರೆ ಅದು ಲಂಡನ್. 2016ರ ಮೇ ತಿಂಗಳಲ್ಲಿ 48 ಡಿಗ್ರಿ ಮುಟ್ಟಿದ ಅಹಮದಾಬಾದಿನಲ್ಲಿ, ಬಿಸಿಲಿಗಿಟ್ಟ ಮುಚ್ಚಿದ ಜಾಡಿ ಒಲೆಯೇ ಸರಿ.

ಎರಡನೇ ಸಲ ನಮ್ಮ ಕಟ್ಟಡದ ಹಿತ್ತಿಲಿನ ನಲ್ಲಿಯ ಬುಡದ ಪಾಚಿಯನ್ನೇ ತಂದೆ. ತಳಕ್ಕೆ ಜಲ್ಲಿ, ಇದ್ದಿಲ ಚೂರು, ಮೇಲೆ ಮಣ್ಣು. ಬೆಳಕು ಬೇಕು, ಬಿಸಿಲು ಬೇಡ. ಗಾಜು ಹಗಲಿಡೀ ಬೆವರುತ್ತಿದ್ದರೆ ಸ್ವಲ್ಪ ಹೊತ್ತು ಮುಚ್ಚಳ ತೆಗೀಬೇಕು. ಈ ಪಾಚಿ ಬದುಕಿದೆ.

ನನ್ನ ವಾದ ಇಷ್ಟೇ: ಊರಿನ ನೆನಪಿಗೆಂದು ಕಾಡು ಕೀಳಬಾರದು. ಒಂದು ಹಿಡಿ ತಾನೇ ಅನ್ನಬಹುದು. ಆ ಬಂಡೆ ಮತ್ತೆ ಹಸಿರಾಗಲು ವರ್ಷಗಳೇ ಬೇಕು. ಊರು ನೆನಪಾಗತ್ತೆ, ನಿಜ. ಆದರೆ ಎರಡು ವರ್ಷ ಇದೇ ನಲ್ಲಿಯ ನೀರು ಹಿಡಿದವನಿಗೆ ಅದರ ಬುಡದ ಹಸಿರು ಕಂಡೇ ಇರಲಿಲ್ಲವಲ್ಲ! ನನಗೆ ನಾಚಿಕೆಯಾದದ್ದು ಅದಕ್ಕೆ.