ಹೊಡೆದ ಹಂದಿಯನ್ನು ಹೂಳಬೇಡಿ, ಮಾರಲೂ ಬೇಡಿ

ಕೇರಳದ ಹಳ್ಳಿಯಲ್ಲಿ ಬೆಳೆಗೆ ನುಗ್ಗಿದ ಕಾಡುಹಂದಿಯನ್ನು ಅನುಮತಿ ಪಡೆದು ಹೊಡೆದರೆ, ಆಮೇಲೆ ಆಗುವುದು ಇಷ್ಟು. ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸುತ್ತಾರೆ. ಆಳವಾದ ಗುಂಡಿ ತೋಡುತ್ತಾರೆ. ಹಂದಿಯನ್ನು ಅದರೊಳಗೆ ಕೆಡವಿ, ಮೈಮೇಲೆ ಸೀಮೆಎಣ್ಣೆ ಸುರಿದು ಮಣ್ಣು ಮುಚ್ಚುತ್ತಾರೆ. ಯಾರೂ ಅದನ್ನು ತಿನ್ನಬಾರದು ಎಂಬುದೇ ಸೀಮೆಎಣ್ಣೆಯ ಉದ್ದೇಶ. ಬೆಳೆದ ಗಂಡುಹಂದಿ ಎಂಬತ್ತು ಕಿಲೋ ತೂಗುತ್ತದೆ, ನೂರು ದಾಟುವುದೂ ಉಂಟು. ಅದರಲ್ಲಿ ಸುಮಾರು ಅರ್ಧದಷ್ಟು ಒಳ್ಳೆಯ ಮಾಂಸ. ಊರಿನ ಹತ್ತಿಪ್ಪತ್ತು ಮನೆಗಳ ಒಂದು ಹೊತ್ತಿನ ಊಟವನ್ನು ಸರ್ಕಾರವೇ ಮುಂದೆ ನಿಂತು ಮಣ್ಣುಪಾಲು ಮಾಡಿಸುತ್ತದೆ.

ಇದು ಅನ್ಯಾಯ. ಪ್ರಾಣಿಗೂ ಅನ್ಯಾಯ, ಬೆಳೆ ಕಳೆದುಕೊಂಡವನಿಗೂ ಅನ್ಯಾಯ. ಒಂದು ಜೀವವನ್ನು ತೆಗೆಯಲೇಬೇಕಾದ ಸಂದರ್ಭ ಬಂದಾಗ ಅದರ ದೇಹವನ್ನು ಕಸದಂತೆ ಕಾಣುವುದನ್ನು ಅಹಿಂಸೆ ಎಂದು ನಾನು ಒಪ್ಪುವುದಿಲ್ಲ.

ಕೇರಳ ಸರ್ಕಾರ 2022ರ ಮೇ ತಿಂಗಳಲ್ಲಿ ಹಂದಿ ಹೊಡೆಯಲು ಅಪ್ಪಣೆ ಕೊಡುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಿಗೂ ನಗರಸಭೆಗಳ ಮುಖ್ಯಸ್ಥರಿಗೂ ಹಂಚಿತು. ಲೈಸೆನ್ಸ್ ಇರುವ ಕೋವಿಯವರೇ ಹೊಡೆಯಬೇಕು. ವಿಷ, ಸಿಡಿಮದ್ದು, ಕರೆಂಟು ಕೂಡದು. ಅಲ್ಲಿಯವರೆಗೆ ಸರಿ. ಅಂಥದೇ ಅನುಮತಿ ಬೇಕೆಂಬ ಮಾತು ಗಡಿಯ ಈಚೆಗೆ ನಮ್ಮ ಕೊಡಗಿನಲ್ಲೂ ಮಲೆನಾಡಿನಲ್ಲೂ ಇದೆ. ನಾಳೆ ಇಲ್ಲಿಗೂ ಅದು ಬಂದರೆ, ಸೀಮೆಎಣ್ಣೆ ಡಬ್ಬವೂ ಅದರ ಜೊತೆಗೇ ಬರಬಾರದು ಎಂಬುದಕ್ಕಾಗಿ ಈ ಲೇಖನ.

ಹಂದಿ ಹಿಂಡು ಬಂದುಹೋದ ಗದ್ದೆಯನ್ನು ಬೆಳಗ್ಗೆ ಹೋಗಿ ನೋಡಬೇಕು. ಹಾಲುಗಟ್ಟುತ್ತಿದ್ದ ಭತ್ತ ಅದರ ಹೊಟ್ಟೆಗೆ ಹೋದದ್ದು ಸ್ವಲ್ಪ, ಹೊರಳಾಡಿ ಕೆಡವಿದ್ದು ಬಹಳ. ಎರೆಹುಳು, ಗೆಡ್ಡೆ ಹುಡುಕಿ ಮೂತಿಯಲ್ಲಿ ಉತ್ತ ಬದು ಕುಸಿದು ನೀರೆಲ್ಲ ಕೆಳಗಿನ ಮಡಿಗೆ ಇಳಿದಿರುತ್ತದೆ. ಹೋದ ಮಳೆಗಾಲದಲ್ಲಿ ನೆಟ್ಟ ಅಡಿಕೆ ಸಸಿ ಬುಡಮೇಲಾಗಿ ಬಿದ್ದಿರುತ್ತದೆ. ಸುತ್ತ ಹಳೇ ಸೀರೆ ಕಟ್ಟಿದ್ದು, ಕ್ಷೌರದಂಗಡಿಯಿಂದ ಕೂದಲು ತಂದು ಚೆಲ್ಲಿದ್ದು, ಮಾಳದಲ್ಲಿ ಕೂತು ರಾತ್ರಿಯೆಲ್ಲ ಡಬ್ಬ ಬಡಿದದ್ದು ಯಾವುದೂ ನಾಟಿರುವುದಿಲ್ಲ. ಪರಿಹಾರದ ಅರ್ಜಿ, ಫೋಟೊ, ಪಹಣಿ, ಓಡಾಟ ಆಮೇಲಿನ ಮಾತು.

ಕಾನೂನು ಅಡ್ಡ ಬರುತ್ತದೆ ಎನ್ನುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 11ನೇ ಸೆಕ್ಷನ್, ನಿಂತ ಬೆಳೆಗೆ ಅಪಾಯ ತರುವ ಕೆಲವು ಪ್ರಾಣಿಗಳನ್ನು ಅನುಮತಿಯ ಮೇಲೆ ಹೊಡೆಯಲು ಬಿಡುತ್ತದೆ. ಹೀಗೆ ಹೊಡೆದ ಪ್ರಾಣಿಯೂ ಅದರ ಮಾಂಸವೂ ಸರ್ಕಾರದ ಸ್ವತ್ತು ಎನ್ನುತ್ತದೆ 39ನೇ ಸೆಕ್ಷನ್. ಇಲ್ಲಿಗೆ ಓದು ನಿಲ್ಲಿಸಿದರೆ ದಾರಿ ಮುಚ್ಚಿದಂತೆ ಕಾಣುತ್ತದೆ. ಆದರೆ ಅದೇ ಸೆಕ್ಷನ್ ಮುಂದುವರಿದು, ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ನೇಮಿಸಿದ ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಈ ಸ್ವತ್ತನ್ನು ಇಟ್ಟುಕೊಳ್ಳುವಂತಿಲ್ಲ, ಇನ್ನೊಬ್ಬರಿಗೆ ಕೊಡುವಂತಿಲ್ಲ, ನಾಶ ಮಾಡುವಂತಿಲ್ಲ ಎನ್ನುತ್ತದೆ. ಹೂಳುವುದಕ್ಕೂ ಅನುಮತಿ ಬೇಕು, ಹಂಚುವುದಕ್ಕೂ ಅನುಮತಿ ಬೇಕು. ಹೂಳಲು ಸುಲಭವಾಗಿ ಸಿಗುವ ಸಹಿ ಹಂಚಲು ಏಕೆ ಸಿಗಬಾರದು?

ಮಾಂಸ ಸಿಕ್ಕರೆ ಜನಕ್ಕೆ ರುಚಿ ಹತ್ತುತ್ತದೆ, ಬೇಟೆ ಕೈಮೀರುತ್ತದೆ ಎಂಬುದು ಪ್ರಾಣಿಪ್ರಿಯರ ಭಯ. ಭಯ ಪೊಳ್ಳಲ್ಲ, ಆದರೆ ಅವರು ನೋಡುತ್ತಿರುವ ದಿಕ್ಕು ತಪ್ಪು. ಕದ್ದು ಹೊಡೆದ ಹಂದಿಯ ಮಾಂಸ ಇವತ್ತಿಗೂ ಗುಟ್ಟಾಗಿ ಮನೆಮನೆಗೆ ಹೋಗುತ್ತಿದೆ ಎಂಬುದು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಕೋವಿಯ ಸದ್ದು ಕೇಳಿದರೆ ಕೇಸು ಬೀಳುತ್ತದೆಂದು ಸದ್ದಿಲ್ಲದ ದಾರಿಗಳು ಹುಟ್ಟಿಕೊಂಡಿವೆ. ಹಂದಿಗೆಂದು ಬೇಲಿಗಂಡಿಯಲ್ಲಿ ಕಟ್ಟಿದ ಉರುಳಿಗೆ ಚಿರತೆ ಬಿದ್ದು, ಸೊಂಟಕ್ಕೆ ತಂತಿ ಬಿಗಿದುಕೊಂಡು ನರಳಿ ಸಾಯುತ್ತದೆ. 2020ರ ಮೇ ಕೊನೆಯಲ್ಲಿ ಪಾಲಕ್ಕಾಡಿನ ವೆಳ್ಳಿಯಾರ್ ಹೊಳೆಯಲ್ಲಿ ನಿಂತೇ ಪ್ರಾಣ ಬಿಟ್ಟ ಗಬ್ಬದ ಆನೆಯ ಬಾಯನ್ನು ಛಿದ್ರ ಮಾಡಿದ್ದು ಸಿಡಿಮದ್ದು ತುಂಬಿದ ತಿನಿಸು. ಕಾಡುಹಂದಿಗೆ ಇಡುವ ಮದ್ದು ಅದು. ಹಗಲಲ್ಲಿ, ಲೆಕ್ಕ ಬರೆದು ಹೊಡೆದ ಹಂದಿಯ ಪಾಲು ಊರಿಗೆ ಸಿಕ್ಕರೆ, ಉರುಳು ಕಟ್ಟುವವನನ್ನು ತಡೆಯಲು ಊರಿಗೇ ಒಂದು ಕಾರಣ ಸಿಕ್ಕಂತಾಗುತ್ತದೆ.

ಆದರೆ ಒಂದು ಗೆರೆ ಎಳೆಯಬೇಕು, ಅದನ್ನು ದಾಟಗೊಡಬಾರದು. ಈ ಮಾಂಸ ಮಾರಾಟಕ್ಕೆ ಬರಕೂಡದು. ರೆಸಾರ್ಟುಗಳ ಊಟದ ಪಟ್ಟಿಗೂ ಬೇಡ, ಪಟ್ಟಣದ ಅಂಗಡಿಗೂ ಬೇಡ, ಸೊಸೈಟಿ ಮೂಲಕ ಹರಾಜೂ ಬೇಡ. ಪರಿಷ್ಕರಿಸಿ, ಪ್ಯಾಕ್ ಮಾಡಿ ಮಾರಿದರೆ ರೈತನಿಗೆ ಆದಾಯ ಬರುತ್ತದಲ್ಲ ಎನ್ನುವವರು ಮೊಲದ ಕಥೆಯನ್ನು ತಿಳಿಯಬೇಕು. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನ್ದಾರ ಬೇಟೆಯ ಮೋಜಿಗಾಗಿ ಇಂಗ್ಲೆಂಡಿನಿಂದ ಎರಡು ಡಜನ್‌ನಷ್ಟು ಮೊಲ ತರಿಸಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದಲ್ಲಿ ಬಿಟ್ಟ. ಅವು ದೇಶವನ್ನೇ ಮೇಯತೊಡಗಿದವು. 1930ರ ದಶಕದ ಬಡತನದಲ್ಲಿ ಆ ಮಾಂಸ ಅಲ್ಲಿನ ಕೂಲಿಕಾರರ ಹೊಟ್ಟೆ ತುಂಬಿಸಿತು, ಅದು ಒಳ್ಳೆಯದೇ. ಆದರೆ ಅದಕ್ಕೂ ಮೊದಲೇ ಮೊಲದ ಮಾಂಸ ಹಡಗು ಹತ್ತಿ ಬ್ರಿಟನ್ನಿಗೆ ಹೋಗಲು, ತುಪ್ಪಳದಿಂದ ಟೋಪಿ ತಯಾರಾಗಲು ಶುರುವಾಗಿ ಮೊಲ ಹಿಡಿಯುವುದೇ ಒಂದು ಕಸುಬಾಗಿತ್ತು. ಕಸುಬಿನವನು ತನ್ನ ಕಸುಬನ್ನು ಮುಗಿಸುವಷ್ಟು ಮೊಲ ಹಿಡಿಯುವುದಿಲ್ಲ. ನಾಳೆಗೂ ಇರಲೆಂದು ಹೆಣ್ಣು ಮೊಲಗಳನ್ನು ಬಿಟ್ಟುಬಿಡುತ್ತಾರೆ ಎಂಬ ದೂರು ಎದ್ದಿತು. ಪಕ್ಕದ ನ್ಯೂಜಿಲೆಂಡ್ ಇಂಥದೇ ಕಾರಣಕ್ಕೆ 1950ರ ದಶಕದಲ್ಲಿ ಕಾಡುಮೊಲದ ತೊಗಲು ಮತ್ತು ಮಾಂಸದ ವ್ಯಾಪಾರವನ್ನು ನಿಲ್ಲಿಸಿತು. ಬೆಲೆ ಇರುವ ತನಕ ಪಿಡುಗು ಹೋಗದು ಎಂಬುದು ಅವರು ಕಂಡುಕೊಂಡ ಸತ್ಯ.

ನಮ್ಮಲ್ಲಿ ಅಪಾಯ ಇದಕ್ಕೆ ತಿರುಗುಮುರುಗು. ಹಂದಿ ಹುಲಿಗೂ ಚಿರತೆಗೂ ಸೀಳುನಾಯಿಗೂ ಆಹಾರ. ಮಾಂಸಕ್ಕೆ ಕಿಲೋ ಲೆಕ್ಕದ ದರ ಕಟ್ಟಿದ ದಿನ ಗದ್ದೆಯ ಹಂದಿಗೆ ಕಾಯುವವರು ಉಳಿಯುವುದಿಲ್ಲ, ಕಾಡಿನೊಳಕ್ಕೇ ನುಗ್ಗುತ್ತಾರೆ. ಆಗ ಹಸಿದ ಚಿರತೆ ನಮ್ಮ ಕೊಟ್ಟಿಗೆಗೆ ಬರುತ್ತದೆ.

ರೋಗದ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಈಶಾನ್ಯ ರಾಜ್ಯಗಳಿಗೆ, 2022ರಲ್ಲಿ ವಯನಾಡಿಗೆ ಬಂತು. ಅದು ಮನುಷ್ಯರಿಗೆ ತಗಲುವುದಿಲ್ಲ, ಆದರೆ ಸಾಕುಹಂದಿಗಳನ್ನು ಗುಡಿಸಿ ಹಾಕುತ್ತದೆ. ಆದ್ದರಿಂದ ರೋಗ ಕಂಡ ಪ್ರದೇಶದಲ್ಲಿ ಹಂಚಿಕೆ ನಿಲ್ಲಬೇಕು. ಉಳಿದೆಡೆ ಪಶುವೈದ್ಯರು ನೋಡಿ ಒಪ್ಪಬೇಕು, ಕರುಳು-ಪಚ್ಚಿ ಅಲ್ಲೇ ಹೂಳಬೇಕು, ಗುಂಡು ತಗಲಿದ ಸುತ್ತಿನ ಮಾಂಸವನ್ನು ಸೀಸದ ಚೂರಿನ ಕಾರಣಕ್ಕೆ ತೆಗೆದುಹಾಕಬೇಕು, ಉಳಿದದ್ದನ್ನು ಚೆನ್ನಾಗಿ ಬೇಯಿಸಬೇಕು. ವರ್ಷಕ್ಕೆ ಲಕ್ಷಗಟ್ಟಲೆ ಕಾಡುಹಂದಿ ಹೊಡೆಯುವ ಜರ್ಮನಿಯಲ್ಲಿ ಪ್ರತಿ ಹಂದಿಯ ಸ್ನಾಯುವಿನ ತುಣುಕನ್ನೂ ಹುಳುವಿನ ಪರೀಕ್ಷೆಗೆ ಕಳಿಸಿ, ಫಲಿತಾಂಶ ಬಂದ ಮೇಲೆಯೇ ತಿನ್ನುತ್ತಾರೆ. ಇಲ್ಲಿ ತಾಲೂಕಿಗೊಂದು ಸೂಕ್ಷ್ಮದರ್ಶಕ, ತರಬೇತಾದ ಒಬ್ಬ ಸಿಬ್ಬಂದಿ ಇದ್ದರೆ ಆಗುವ ಕೆಲಸ ಇದು.

ಹಂಚುವ ಪದ್ಧತಿಯನ್ನು ನಾವು ಹೊಸದಾಗಿ ಕಲಿಯಬೇಕಿಲ್ಲ. ಮಲೆನಾಡಿನ ಹಳೆಯ ಶಿಕಾರಿಯಲ್ಲಿ ಈಡು ಹೊಡೆದವನಿಗೊಂದು ಪಾಲು, ಹಳು ನುಗ್ಗಿದವರಿಗೆ ಪಾಲು, ನಾಯಿ ತಂದವನಿಗೂ ಪಾಲು ಇತ್ತು. ಅನೇಕ ತೋಟದ ಮಾಲೀಕರು ಮಾಂಸ ತಿನ್ನುವವರಲ್ಲ. ಅವರ ತೋಟದಲ್ಲಿ ದುಡಿಯುವ ಕುಟುಂಬಗಳು ತಿನ್ನುತ್ತವೆ, ಮಾಂಸ ಕೊಳ್ಳುವ ಶಕ್ತಿ ಅವರಿಗೆ ಎಲ್ಲ ದಿನ ಇರುವುದಿಲ್ಲ. ಮೊದಲ ಪಾಲು ಅವರಿಗೆ ಹೋಗಲಿ. ಬೆಳೆ ಕಳೆದುಕೊಂಡವನು ಬೇಡವೆಂದರೆ ಅವನ ಪಾಲೂ ಅವರಿಗೇ ಹೋಗಲಿ.

ಪಶ್ಚಿಮ ಘಟ್ಟಗಳ ಉಳಿವಿಗಾಗಿ 2011ರಲ್ಲಿ ವರದಿ ಕೊಟ್ಟ ಮಾಧವ ಗಾಡ್ಗೀಳರೇ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಕುರುಡುತನವನ್ನು ಬಹಿರಂಗವಾಗಿ ಟೀಕಿಸಿದ್ದರು; ನಿಯಂತ್ರಿತ ಬೇಟೆಗೆ ದಾರಿ ಬೇಕೆಂದಿದ್ದರು. ಅವರನ್ನು ಕಾಡಿನ ಶತ್ರು ಎನ್ನಲಾಗದು. 2016ರಲ್ಲಿ ಬಿಹಾರದಲ್ಲಿ ನೀಲಗಾಯಿಗಳನ್ನು ಹೊಡೆಸಿದಾಗ ಕೇಂದ್ರದ ಇಬ್ಬರು ಸಚಿವರು, ಮೇನಕಾ ಗಾಂಧಿ ಮತ್ತು ಪ್ರಕಾಶ್ ಜಾವಡೇಕರ್, ಊರೆಲ್ಲ ಕೇಳುವಂತೆ ಕಿತ್ತಾಡಿದರು. ಕೊಲ್ಲಬೇಕೇ ಬೇಡವೇ ಎಂಬಲ್ಲೇ ವಾದ ನಿಂತುಹೋಯಿತು. ಕೊಂದದ್ದನ್ನು ಏನು ಮಾಡಬೇಕು ಎಂದು ಕೇಳಿದವರು ಕಡಿಮೆ.

ಇದನ್ನೇ ನೆಪ ಮಾಡಿಕೊಂಡು ಯುಗಾದಿ ಮರುದಿನದ ಹೊಸತೊಡಕಿಗೆ ಮೊಲ ಹೊಡೆಯುವವರು ತಮಗೂ ಬಿಡಿ ಎನ್ನಬಾರದು. ನಮ್ಮ ಬಯಲುಸೀಮೆಯ ಮೊಲ ಆಸ್ಟ್ರೇಲಿಯಾದ ಮೊಲವಲ್ಲ. ಅದು ಇಲ್ಲಿಯದೇ ಜೀವ, ಯಾರ ಹೊಲವನ್ನೂ ಒಂದು ರಾತ್ರಿಯಲ್ಲಿ ಅಗೆದು ಹಾಕಿಲ್ಲ. ನಾನು ಕೇಳುತ್ತಿರುವುದು ಬೆಳೆಯೊಳಗೆ, ಅನುಮತಿಯ ಮೇಲೆ, ಲೆಕ್ಕವಿಟ್ಟು ಹೊಡೆದ ಹಂದಿಯ ಬಗ್ಗೆ ಮಾತ್ರ. ಯಾವ ಸರ್ವೆ ನಂಬರಿನಲ್ಲಿ ಹೊಡೆದದ್ದು, ತೂಕ ಎಷ್ಟು, ಪಶುವೈದ್ಯರ ಸಹಿ, ಪಾಲು ಪಡೆದ ಮನೆಗಳ ಹೆಸರು: ಒಂದು ಹಾಳೆಯಲ್ಲಿ ಹಿಡಿಸುವ ನಮೂನೆ. ಅದನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿದರೆ ಯಾರು ಬೇಕಾದರೂ ಓದಿ, ತಪ್ಪಿದ್ದರೆ ದೂರು ಕೊಡಬಹುದು.